ಸುಂಕದ ಲೆಕ್ಕದಲ್ಲಿ ನೇಪಾಳದ ಭದ್ರತೆ: ನನ್ನ ಅನುಭವ

ಭಾರತದ ಗಡಿಯಿಂದ ಸರಕು ಬರುವುದು ನಿಂತುಹೋದ 2015ರ ನೇಪಾಳ ದಿಗ್ಬಂಧನದ ಬಗ್ಗೆ ನಾನು ಬರೆದ ಮಹಾಪ್ರಬಂಧ ಕೊನೆಗೂ ಅಂಗೀಕಾರವಾಗಿದೆ. ಒಪ್ಪಂದಗಳ ಪಠ್ಯವಾಗಲಿ, ನಾಯಕರ ಭಾಷಣಗಳಾಗಲಿ ಅದಕ್ಕೆ ಆಧಾರವಲ್ಲ. ನೇಪಾಳದ ಕಸ್ಟಮ್ಸ್ ಇಲಾಖೆಯ ತಿಂಗಳ ಲೆಕ್ಕವೇ ಅದರ ಬೆನ್ನೆಲುಬು. "ಇದು ಭದ್ರತಾ ಅಧ್ಯಯನವಲ್ಲ, ವಾಣಿಜ್ಯ ವಿಭಾಗಕ್ಕೆ ಹೋಗಿ" ಎಂದವರು ನಮ್ಮಲ್ಲೇ ಇದ್ದರು. ಸಿನಾಪ್ಸಿಸ್ (ಸಂಶೋಧನಾ ಪ್ರಸ್ತಾವ) ಹಂತದಲ್ಲಿ ಎಷ್ಟು ವಿವರಿಸಿದರೂ ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತಾಯಿತು. ಅದೇ ವಿಧಾನ ಈಗ ಫಲ ಕೊಟ್ಟಿದೆ. ಇದೇ ದಾರಿ ಹಿಡಿಯುವವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಮೊದಲ ವರ್ಷ ನಾನೂ ಎಲ್ಲರಂತೆ ಸಂದರ್ಶನಗಳ ಬೆನ್ನು ಹತ್ತಿದ್ದೆ. ದೆಹಲಿಯಲ್ಲಿ ಕೇಳಿದರೆ, ದಿಗ್ಬಂಧನವೇ ಇರಲಿಲ್ಲ, ನೇಪಾಳದ ದಕ್ಷಿಣ ಬಯಲಿನ ಮಧೇಶಿ ಜನರ ಚಳವಳಿಯಿಂದ ನೇಪಾಳದ ಕಡೆಯೇ ರಸ್ತೆ ಬಂದಾಗಿತ್ತು ಎನ್ನುತ್ತಿದ್ದರು. ಕಠ್ಮಂಡುವಿನಲ್ಲಿ ಕೇಳಿದರೆ, ಸೆಪ್ಟೆಂಬರ್ 20ರಂದು ಜಾರಿಯಾದ ಸಂವಿಧಾನ ಹಿಡಿಸದೆ ಭಾರತ ಕತ್ತು ಹಿಸುಕಿತು ಎನ್ನುತ್ತಿದ್ದರು. ಹೊಸಬರು ಸಿಕ್ಕರೂ ಮಾತು ಹಳೆಯದೇ. ರೈಲು, ವಿಮಾನ, ವಸತಿ ಸೇರಿ ಒಂದು ಲಕ್ಷದ ಹತ್ತಿರ ಖರ್ಚಾಯಿತು. ಶಿಷ್ಯವೇತನ ಅರ್ಧ ವರ್ಷ ತಡವಾಗಿ ಕೈಸೇರಿದ್ದರಿಂದ ಅದರಲ್ಲಿ ಬಹುಪಾಲು ಸಾಲದ ಹಣ. ಅಷ್ಟಕ್ಕೆ ನನಗೆ ದಕ್ಕಿದ್ದು ಪತ್ರಿಕೆಗಳಲ್ಲಿ ಆಗಲೇ ಬಂದಿದ್ದ ಎರಡು ಹೇಳಿಕೆಗಳು.

ಕಸ್ಟಮ್ಸ್ ಕೋಷ್ಟಕಗಳನ್ನು ಇಳಿಸಿಕೊಳ್ಳಲು ಒಂದು ಪೈಸೆಯೂ ಬೇಕಿರಲಿಲ್ಲ. ಆದರೆ ಅವು ನೇರವಾಗಿ ಕೈಗೆ ದಕ್ಕುವಂಥವಲ್ಲ. ನೇಪಾಳದ ಆರ್ಥಿಕ ವರ್ಷ ಜುಲೈ ಮಧ್ಯದಲ್ಲಿ, ಶ್ರಾವಣದ ಮೊದಲ ದಿನ ಶುರುವಾಗುತ್ತದೆ. ಪ್ರಕಟವಾಗುವುದು ಆ ದಿನದಿಂದ ಒಟ್ಟುಗೂಡಿಸಿದ ಮೊತ್ತ. ಮೂರು ತಿಂಗಳ ಮೊತ್ತದಿಂದ ಎರಡು ತಿಂಗಳ ಮೊತ್ತ ಕಳೆದರೆ ಮಾತ್ರ ಮೂರನೆಯ ತಿಂಗಳು ಸಿಗುತ್ತದೆ. ಆ ಮೂರನೆಯ ತಿಂಗಳೇ ಆಶ್ವಿನ, ಅಲ್ಲಿನವರ ಅಸೋಜ್. 2015ರಲ್ಲಿ ಅದು ಸೆಪ್ಟೆಂಬರ್ 18ರಿಂದ ಅಕ್ಟೋಬರ್ 17ರವರೆಗೆ ಬಂದಿತ್ತು. ಲಾರಿಗಳು ನಿಂತದ್ದು ಸೆಪ್ಟೆಂಬರ್ 23ರ ಸುಮಾರಿಗೆ. ಅಂದರೆ ಅಸೋಜ್ ತಿಂಗಳು ಹೆಚ್ಚುಕಡಿಮೆ ಪೂರ್ತಿ ದಿಗ್ಬಂಧನದ ತಿಂಗಳು. ಭಾರತದ ಸೆಪ್ಟೆಂಬರ್ ಲೆಕ್ಕಕ್ಕಾದರೋ ದಿಗ್ಬಂಧನದ ಒಂದು ವಾರವಷ್ಟೇ ಸೇರುತ್ತದೆ. ಎರಡೂ ದೇಶಗಳ ಲೆಕ್ಕವನ್ನು ಹಾಗೆಯೇ ಪಕ್ಕಪಕ್ಕ ಇಟ್ಟವರಿಗೆ ಕುಸಿತದ ಆಳ ಕಾಣದೇ ಹೋದದ್ದು ಇದೇ ಕಾರಣಕ್ಕೆ. ತಿಂಗಳುಗಳನ್ನು ಒಡೆದು ಹೊಂದಿಸಲು ನಾನೊಂದು ಸೂತ್ರ ಕಟ್ಟಿಕೊಂಡಿದ್ದೇನೆ. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ, ಲೇಖನವಾಗಿ ಪ್ರಕಟವಾಗುವವರೆಗೆ ಅದು ನನ್ನ ಬಳಿಯೇ ಇರಲಿ.

ಇನ್ನೊಂದು ಮಾತು: ರೂಪಾಯಿಯಲ್ಲಿ ಅಳೆಯಬೇಡಿ. ನೇಪಾಳಿ ರೂಪಾಯಿ ಭಾರತದ ರೂಪಾಯಿಗೆ 1.6ರ ದರದಲ್ಲಿ ಕಟ್ಟಿಕೊಂಡಿರುವುದರಿಂದ ಪರಿವರ್ತನೆ ಸುಲಭವೇನೋ ಹೌದು. ಆದರೆ ಕಚ್ಚಾತೈಲದ ಬೆಲೆ 2014ರ ಮಧ್ಯದಿಂದ 2015ಕ್ಕೆ ಬರುವಷ್ಟರಲ್ಲಿ ಅರ್ಧಕ್ಕಿಂತ ಕೆಳಗಿಳಿದಿತ್ತು. ಮೌಲ್ಯ ನೋಡಿದರೆ ದಿಗ್ಬಂಧನಕ್ಕೆ ಮೊದಲೇ ಆಮದು ಕುಸಿದಂತೆ ತೋರುತ್ತದೆ. ಪ್ರಮಾಣದ ಲೆಕ್ಕ ಹಿಡಿಯಿರಿ. ಸುಂಕದ ಸಂಕೇತ 2710ರಲ್ಲಿ ಪೆಟ್ರೋಲ್, ಡೀಸೆಲ್. 2711ರಲ್ಲಿ ಅಡುಗೆ ಅನಿಲ. ಈ ಎರಡೇ ಸಾಕು. ತೈಲವೆಲ್ಲ ಒಂದೇ ದೇಶದಿಂದ, ಇಂಡಿಯನ್ ಆಯಿಲ್ ಒಂದರಿಂದಲೇ ಬರುತ್ತಿದ್ದ ರಾಷ್ಟ್ರದ ನಾಡಿ ಅಲ್ಲೇ ಸಿಗುತ್ತದೆ.

ಯಾರು ತಡೆದರು ಎಂಬ ಜಗಳಕ್ಕೂ ಈ ಲೆಕ್ಕ ಹೊಸ ದಾರಿ ತೋರಿಸುತ್ತದೆ. ಮಧೇಶಿಗಳು ಧರಣಿ ಕುಳಿತದ್ದು ಭಾರತದ ರಕ್ಸೌಲ್ ಮತ್ತು ನೇಪಾಳದ ಬೀರ್‌ಗಂಜ್ ನಡುವಿನ ಮೈತ್ರಿ ಸೇತುವೆಯ ಮೇಲೆ. ಅದೊಂದೇ ಕಾರಣವಾಗಿದ್ದರೆ ಟ್ಯಾಂಕರುಗಳು ಸುನೌಲಿ, ಜೋಗಬನಿಯಂಥ ಬೇರೆ ಗಡಿದಾರಿಗಳ ಕಡೆಗೆ ತಿರುಗಿ, ಕೊರತೆ ಬೇಗ ತುಂಬಿಕೊಳ್ಳಬೇಕಿತ್ತು. ಆದರೆ ಇಂಧನದ ಬರ ತಿಂಗಳುಗಟ್ಟಲೆ ನಡೆಯಿತು. ಗಡಿಯ ಕಸ್ಟಮ್ಸ್ ಠಾಣೆವಾರು ಅಂಕಿಗಳನ್ನು ಮುಂದಿಟ್ಟಾಗ ಮೌಖಿಕ ಪರೀಕ್ಷೆಯಲ್ಲಿ ಪ್ರಶ್ನೆಗಳ ಧಾಟಿಯೇ ಬದಲಾಯಿತು. ಆ ಅಧ್ಯಾಯದ ಕೋಷ್ಟಕವನ್ನು ಈಗ ಬೇರೆ ವಿಶ್ವವಿದ್ಯಾಲಯಗಳ ಸಂಶೋಧಕರೂ ಕೇಳಿ ಪಡೆಯುತ್ತಿದ್ದಾರೆ.

ಲೆಕ್ಕಕ್ಕೆ ಸಿಗದ್ದೂ ಇದೆ. 1,700 ಕಿ.ಮೀ.ಗೂ ಉದ್ದದ ಮುಕ್ತ ಗಡಿಯಲ್ಲಿ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ದಾಟಿಸಿದ ಪೆಟ್ರೋಲನ್ನು ಯಾವ ಕಸ್ಟಮ್ಸ್ ಪುಸ್ತಕವೂ ಬರೆದುಕೊಂಡಿಲ್ಲ. ಅದನ್ನು ಅಂದಾಜು ಮಾಡಲು ರಕ್ಸೌಲ್‌ನಲ್ಲಿ ದಿನಗಟ್ಟಲೆ ಕುಳಿತೆ. ಲಾರಿ ಚಾಲಕರಿಗಿಂತ ಹೆಚ್ಚು ತಿಳಿದಿರುವ ಒಂದು ವರ್ಗದ ಜನ ಅಲ್ಲಿದ್ದಾರೆ. ಅವರು ಯಾರೆಂದು ಬರೆದರೆ ನಾಳೆಯಿಂದ ಅವರು ಯಾರೊಂದಿಗೂ ಮಾತನಾಡುವುದಿಲ್ಲ.

ನಡುವೆ ಇಂಡಕ್ಷನ್ ಒಲೆಯ ಕಡೆಗೂ ತಿರುಗಿದೆ. ಸಿಲಿಂಡರಿಗೆ 7.1 ಕೆ.ಜಿ. ಅಂದರೆ ಅರ್ಧ ಮಾತ್ರ ತುಂಬಿ ಕೊಡುತ್ತಿದ್ದ ಆ ಚಳಿಗಾಲದಲ್ಲಿ ಜನ ಇಂಡಕ್ಷನ್ ಒಲೆಗೆ ಮುಗಿಬಿದ್ದಿದ್ದರು. ದಿಗ್ಬಂಧನದ ಪೆಟ್ಟಿನಿಂದ ಪಾರಾಗುವ ದಾರಿ ಇದೆಂದು ನನಗೂ ತೋರಿತ್ತು. ವಿದ್ಯುತ್ ಎಲ್ಲಿಂದ ಬಂತೆಂದು ನೋಡಿದರೆ, 2016ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ, ಭಾರತದಿಂದ ನೇಪಾಳಕ್ಕೆ ಬರುವ ಮುಜಫ್ಫರ್‌ಪುರ–ಢಲ್ಕೇಬರ್ ವಿದ್ಯುತ್ ಮಾರ್ಗ! ಅನಿಲದ ಅವಲಂಬನೆಯಿಂದ ತಪ್ಪಿಸಿಕೊಳ್ಳಲು ಹೊರಟವರು ಅದೇ ನೆರೆಯ ದೇಶದ ತಂತಿಗೆ ಬಂದು ಸೇರಿದ್ದರು. ನನ್ನ ಇಡೀ ಕೆಲಸದಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕಂಡಿಲ್ಲ.

ಇದೇ ವಿಧಾನವನ್ನು ಭೂತಾನಕ್ಕೂ ಹಚ್ಚಿ ನೋಡಿದೆ. 2013ರ ಜುಲೈನಲ್ಲಿ ಮತದಾನಕ್ಕೆ ಕೆಲವೇ ದಿನ ಮುಂಚೆ ಭಾರತ ಕೊಡುತ್ತಿದ್ದ ಅಡುಗೆ ಅನಿಲದ ಸಬ್ಸಿಡಿ ನಿಂತಿತು, ಆಳುವ ಪಕ್ಷ ಸೋತಿತು. ಆದರೆ ಅಷ್ಟು ಚಿಕ್ಕ ಅವಧಿ ತಿಂಗಳ ಲೆಕ್ಕದಲ್ಲಿ ಮುಳುಗಿಹೋಗುತ್ತದೆ, ಕೈಬಿಟ್ಟೆ. ಲಿಥುವೇನಿಯಾದಲ್ಲಿ ಮಾತ್ರ ಚೆನ್ನಾಗಿ ಕೂಡಿಬಂತು. 2021ರ ನವೆಂಬರ್‌ನಲ್ಲಿ ಅದರ ರಾಜಧಾನಿ ವಿಲ್ನಿಯಸ್‌ನಲ್ಲಿ, ಚೀನಾ ತನ್ನದೆನ್ನುವ ತೈವಾನಿನ ಹೆಸರಿನ ಕಚೇರಿ ತೆರೆಯಿತು. ಡಿಸೆಂಬರ್ ಹೊತ್ತಿಗೆ ಚೀನಾದ ಕಸ್ಟಮ್ಸ್ ವ್ಯವಸ್ಥೆಯಿಂದ ಆ ದೇಶದ ಹೆಸರೇ ಮಾಯವಾಗಿ, ಸರಕು ಬಂದರಿನಲ್ಲಿ ನಿಂತಿತು.

ಮತ್ತೆ ನೇಪಾಳಕ್ಕೆ ಬಂದರೆ, ದಿಗ್ಬಂಧನದ ನಡುವೆ ಚೀನಾ ಸಾವಿರ ಟನ್ ತೈಲವನ್ನು ಅನುದಾನವಾಗಿ ಕೊಟ್ಟಿತು. 2016ರ ಮಾರ್ಚ್‌ನಲ್ಲಿ ಚೀನಾದೊಂದಿಗೆ ಸಾಗಣೆ ಒಪ್ಪಂದ, 2019ರಲ್ಲಿ ಚೀನಾದ ನಾಲ್ಕು ಬಂದರುಗಳನ್ನು ಬಳಸುವ ಪ್ರೋಟೋಕಾಲ್. ಭಾಷಣಗಳನ್ನಷ್ಟೇ ಓದಿದವರು ನೇಪಾಳ ಉತ್ತರಕ್ಕೆ ತಿರುಗಿತೆಂದು ಬರೆದರು. ಆ ಬಂದರುಗಳಲ್ಲೊಂದಾದ ತಿಯಾಂಜಿನ್ ನೇಪಾಳದ ಗಡಿಯಿಂದ ಮೂರು ಸಾವಿರ ಕಿ.ಮೀ.ಗೂ ಆಚೆ ಇದೆ. ಆದರೆ ಅದೇ 2019ರ ಸೆಪ್ಟೆಂಬರ್‌ನಲ್ಲಿ ಭಾರತದ ಮೋತಿಹಾರಿಯಿಂದ ನೇಪಾಳದ ಅಮ್ಲೇಖ್‌ಗಂಜ್‌ಗೆ 69 ಕಿ.ಮೀ. ಕೊಳವೆಯಲ್ಲಿ ಡೀಸೆಲ್ ಹರಿಯತೊಡಗಿತು.

ಈಗ ವಿದ್ಯುತ್ತಿನ ಲೆಕ್ಕ ಹಿಡಿದಿದ್ದೇನೆ. ಮಳೆಗಾಲದಲ್ಲಿ ನೇಪಾಳ ಭಾರತಕ್ಕೆ ವಿದ್ಯುತ್ ಮಾರುತ್ತದೆ, ಚಳಿಗಾಲದಲ್ಲಿ ಕೊಳ್ಳುತ್ತದೆ. ಚೀನಾದ ಕೈವಾಡವಿರುವ ಯೋಜನೆಗಳ ವಿದ್ಯುತ್ತನ್ನು ಭಾರತ ಕೊಳ್ಳುವುದಿಲ್ಲ. ಯಾವ ಯೋಜನೆಗೆ ಅನುಮತಿ ಸಿಕ್ಕಿತು, ಯಾವುದಕ್ಕೆ ಸಿಗಲಿಲ್ಲ ಎಂಬ ಪಟ್ಟಿಯನ್ನು ತಿಂಗಳು ತಿಂಗಳೂ ಕಾಯ್ದಿಡುತ್ತಿದ್ದೇನೆ. ಜಾಲತಾಣದ ಹಳೆಯ ಕಡತಗಳು ಹೇಳದೆ ಕೇಳದೆ ಕಾಣೆಯಾಗುತ್ತವೆ, ಸಿಕ್ಕ ದಿನವೇ ಪ್ರತಿ ಇಳಿಸಿಟ್ಟುಕೊಳ್ಳಿ.