ಶ್ರಮದಾನದಲ್ಲಿ ಶಾಲೆ ಕೊಠಡಿ: ಯಾವ ದಿನ ಎಷ್ಟು ಜನ ಬೇಕು

ಹಳ್ಳಿಯ ಸರ್ಕಾರಿ ಶಾಲೆಗೆ ಊರವರೇ ಸೇರಿ ಒಂದು ಕೊಠಡಿ ಕಟ್ಟಿಕೊಡುವ ಕೆಲಸ ಜನ ಸಾಲದೆ ನಿಲ್ಲುವುದು ಅಪರೂಪ. ಮೊದಲ ದಿನ ಅರವತ್ತು ಜನ ಬಂದು, ಹದಿನೈದು ಜನರಿಗೆ ಮಾತ್ರ ಕೆಲಸ ಸಿಕ್ಕು, ಉಳಿದವರು ಬೇವಿನ ಮರದ ಕೆಳಗೆ ಕೂತು ಎದ್ದು ಹೋಗಿರುತ್ತಾರೆ. ಅವರು ಎರಡನೇ ಸಲ ಬರುವುದಿಲ್ಲ. ಮುಂದೆ ಮೋಲ್ಡ್ (ಕಾಂಕ್ರೀಟ್ ಚಾವಣಿ) ಹಾಕುವ ದಿನ ನಲವತ್ತು ಜನ ಬೇಕೆಂದಾಗ ಹತ್ತು ಜನ ಇರುತ್ತಾರೆ. ಚಿತ್ರದುರ್ಗ, ಚಳ್ಳಕೆರೆ, ಜಗಳೂರು ಕಡೆಯ ಹಳ್ಳಿಗಳಲ್ಲಿ ನಾವು ಈ ಕೆಲಸ ಹೊಂದಿಸುವಾಗ ಮೊದಲು ಬರೆದುಕೊಳ್ಳುವುದು ಹಣದ ಲೆಕ್ಕವನ್ನಲ್ಲ, ಯಾವ ದಿನಕ್ಕೆ ಎಷ್ಟು ಕೈ ಬೇಕು ಎಂಬ ಲೆಕ್ಕವನ್ನು.

ಇಲ್ಲಿ ಕೊಡುವ ಅಳತೆಗಳೆಲ್ಲ ಒಳಗೆ 20 ಅಡಿ ಉದ್ದ, 16 ಅಡಿ ಅಗಲ, 10 ಅಡಿ ಎತ್ತರದ ಒಂದು ಕೊಠಡಿಯವು. ಕಲ್ಲಿನ ಪಾಯ, 8 ಇಂಚಿನ ಸಾಲಿಡ್ ಬ್ಲಾಕ್ ಗೋಡೆ, ನಡುವೆ ಒಂದು ಬೀಮ್, ಮೇಲೆ 5 ಇಂಚಿನ ಆರ್‌ಸಿಸಿ ಮೋಲ್ಡ್. ನಕ್ಷೆ ಮತ್ತು ಕಬ್ಬಿಣದ ಲೆಕ್ಕ ಎಂಜಿನಿಯರ್ ಸಹಿ ಮಾಡಿದ್ದೇ ಆಗಬೇಕು. ಕ್ಷೇತ್ರ ಶಿಕ್ಷಣಾಧಿಕಾರಿಗಳ ಅನುಮತಿ ಕಾಗದದಲ್ಲಿ ಕೈಗೆ ಬರುವವರೆಗೆ ಒಂದು ಗುದ್ದಲಿಯನ್ನೂ ನೆಲಕ್ಕೆ ಹಾಕುವುದಿಲ್ಲ. ಶಾಲೆಯ ಜಾಗ ಯಾರ ಹೆಸರಿನಲ್ಲಿದೆ ಎಂಬ ದಾಖಲೆಯನ್ನೂ ಆಗಲೇ ನೋಡಿಬಿಡಬೇಕು.

ಕಾಲದ ಲೆಕ್ಕ ಊರಿಂದ ಊರಿಗೆ ಬೇರೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಶೇಂಗಾ ಕಿತ್ತು ಮುಗಿದ ಮೇಲೆ, ಸಂಕ್ರಾಂತಿಯಿಂದ ಯುಗಾದಿವರೆಗೆ ಕೈ ಖಾಲಿ. ಆದರೆ ಅದೇ ಹೊತ್ತಿನಲ್ಲಿ ದಾವಣಗೆರೆ, ಹರಿಹರದ ಭದ್ರಾ ನಾಲೆ ಬಯಲಿನಲ್ಲಿ ಬೇಸಿಗೆ ಭತ್ತದ ನಾಟಿ ನಡೆದಿರುತ್ತದೆ, ಅಲ್ಲಿ ಒಬ್ಬರೂ ಸಿಗುವುದಿಲ್ಲ. ಚನ್ನಗಿರಿ, ಹೊಳಲ್ಕೆರೆಯ ಅಡಿಕೆ ಊರುಗಳಲ್ಲಿ ಕೊಯ್ಲು, ಸುಲಿತ ಮುಗಿಯುವವರೆಗೆ ಹೆಂಗಸರನ್ನು ಕರೆಯಲೇಬಾರದು, ಅವರ ವರ್ಷದ ದುಡಿಮೆ ಅದು. ಫಾಲ್ಗುಣದಲ್ಲಿ ನಾಯಕನಹಟ್ಟಿ ಜಾತ್ರೆಯ ಹಿಂದೆ ಮುಂದೆ ಒಂದು ವಾರ ಬಿಟ್ಟುಬಿಡಿ. ವಾರದಲ್ಲಿ ನಮಗೆ ಒದಗಿಬರುವುದು ಸೋಮವಾರ. ಬಸವಣ್ಣನ ವಾರವೆಂದು ಎತ್ತು ಹೂಡದ ಊರುಗಳಲ್ಲಿ ಗಂಡಸರು ಆ ದಿನ ಸಿಗುತ್ತಾರೆ. ಅಮಾವಾಸ್ಯೆ ದಿನ ಜನ ಬಂದರೂ ಮೇಸ್ತ್ರಿ ಬರುವುದಿಲ್ಲ. ಸಂತೆ ದಿನವೂ ಅಷ್ಟೆ.

ಪಾಯದಿಂದ ಶುರು ಮಾಡೋಣ. ಗೋಡೆಯ ನಡು ಗೆರೆ ಹಿಡಿದು ಸುತ್ತಳತೆ ಸುಮಾರು 75 ಅಡಿ. ಎರಡೂವರೆ ಅಡಿ ಅಗಲ, ಮೂರು ಅಡಿ ಆಳ ತೆಗೆದರೆ 560 ಘನ ಅಡಿ ಮಣ್ಣು. ಇಷ್ಟು ಮಣ್ಣಿಗೆ ಐವತ್ತು ಜನರನ್ನು ಕರೆಯೋಣ ಅನ್ನಿಸುತ್ತದೆ. ಆದರೆ ಹಾರೆ, ಪಿಕಾಸಿ ಬೀಸುವ ಇಬ್ಬರ ನಡುವೆ ಆರು ಅಡಿಯಾದರೂ ಇರಬೇಕು, ಇಲ್ಲದಿದ್ದರೆ ಒಬ್ಬರ ಪಿಕಾಸಿ ಇನ್ನೊಬ್ಬರ ಕಾಲಿಗೆ. 75 ಅಡಿಗೆ ಒಂದು ಹೊತ್ತಿಗೆ ಹನ್ನೆರಡು ಜನ ಅಗೆಯಬಹುದು, ಅದಕ್ಕಿಂತ ಒಬ್ಬರೂ ಹೆಚ್ಚಲ್ಲ. ಹನ್ನೆರಡು ಜನ ಅಗೆಯಲು, ಹನ್ನೆರಡು ಜನ ಮಣ್ಣು ಎಳೆಯಲು. ಇಪ್ಪತ್ತು ನಿಮಿಷಕ್ಕೊಮ್ಮೆ ಅದಲು ಬದಲು. ನೀರು, ಹಗ್ಗ, ಅಳತೆ ನೋಡಲು ಇನ್ನು ನಾಲ್ವರು. ಗರಸು ನೆಲದಲ್ಲಿ ಇಪ್ಪತ್ತೆಂಟು ಜನರಿಗೆ ಇದು ಎರಡು ಬೆಳಗಿನ ಕೆಲಸ. ತೆಗೆದ ಮಣ್ಣು ಕಾಲುವೆಯ ಅಂಚಿನಿಂದ ಮೂರು ಅಡಿ ದೂರ ಬೀಳಬೇಕು. ಅಂಚಿಗೇ ಪೇರಿಸಿದರೆ ಭಾರಕ್ಕೆ ಬದಿ ಕುಸಿದು ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕು.

ಎರೆ ಮಣ್ಣಾದರೆ ಈ ಲೆಕ್ಕವೆಲ್ಲ ತಲೆಕೆಳಗು. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೂರು ಅಡಿಗೆ ನಿಲ್ಲಿಸಿ ಕಲ್ಲು ಕಟ್ಟಿದರೆ ಎರಡು ಮಳೆಗಾಲದೊಳಗೆ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಗಟ್ಟಿ ಗರಸು ಸಿಗುವವರೆಗೂ ಇಳಿಯಬೇಕು, ಅದು ಐದಾರು ಅಡಿಯಾದರೂ ಸರಿ. ಅಷ್ಟು ಆಳಕ್ಕೆ ಸ್ವಯಂಸೇವಕರನ್ನು ಇಳಿಸಬೇಡಿ, ಜೆಸಿಬಿ ತರಿಸಿ. ಶ್ರಮದಾನವೆಂದ ಮೇಲೆ ಎಲ್ಲವನ್ನೂ ಕೈಯಲ್ಲೇ ಮಾಡಬೇಕೆಂಬ ಹಟ ಕೆಲವರಲ್ಲಿರುತ್ತದೆ. ಎರೆ ಮಣ್ಣಿನ ಗೋಡೆ ಕುಸಿದರೆ ಒಳಗಿದ್ದವರು ಉಳಿಯುವುದು ಕಷ್ಟ. ಪಾಯದೊಳಗಿನ ಎರೆ ಮಣ್ಣನ್ನು ಹೊರಗೆ ಸಾಗಿಸಿ, ಭರ್ತಿಗೆ ಹೊಸ ಗರಸನ್ನೇ ತರಬೇಕು.

ಕಲ್ಲು ಕಟ್ಟುವುದು, ಬ್ಲಾಕ್ ಏರಿಸುವುದು, ಕಂಬಿ ಕಟ್ಟುವುದು, ಸೆಂಟ್ರಿಂಗ್ (ಮೋಲ್ಡ್‌ಗೆ ಕೆಳಗಿನಿಂದ ಹಲಗೆ, ಆಧಾರ ಕೊಡುವುದು), ವೈರಿಂಗ್: ಇವು ಐದೂ ಕೂಲಿ ಕೊಟ್ಟು ಕಸುಬಿನವರಿಂದಲೇ ಆಗಬೇಕು. ಮೇಸ್ತ್ರಿಗೆ ‘ಧರ್ಮದ ಕೆಲಸ, ಕೂಲಿ ಕಡಿಮೆ ಮಾಡಿಕೋ’ ಎನ್ನುವುದನ್ನು ನಾವು ಒಪ್ಪುವುದಿಲ್ಲ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತು ನಮ್ಮ ಸೀಮೆಯಲ್ಲಿ ಎಲ್ಲರ ಬಾಯಲ್ಲಿದೆ. ಆ ಮಾತು ಮೇಸ್ತ್ರಿಗೂ ಸಲ್ಲಬೇಕು. ಬಟವಾಡೆ ವಾರದ ಕೊನೆಗೆ ತಪ್ಪದೆ ಆದರೆ ಅವರೇ ಅರ್ಧ ಗಂಟೆ ಹೆಚ್ಚು ನಿಂತು ಕೆಲಸ ಮುಗಿಸಿಕೊಡುತ್ತಾರೆ. ಹಾಗೆಯೇ ದಿನಗೂಲಿಯವರನ್ನು ಶ್ರಮದಾನಕ್ಕೆ ಇಡೀ ದಿನ ಕರೆಯುವುದಿಲ್ಲ. ಅವರು ಬರುವುದಿದ್ದರೆ ಬೆಳಿಗ್ಗೆ ಎರಡು ಗಂಟೆಯ ಕೆಲಸ ಸಾಕು, ಒಂಬತ್ತಕ್ಕೆ ಅವರು ಕೂಲಿಗೆ ಹೋಗುವಂತಿರಬೇಕು.

ಗೋಡೆ ಏಳುವ ಹದಿನೈದು ದಿನ ಜನರನ್ನು ದೂರ ಇಡುವುದೇ ಸಂಘಟಕರ ಕೆಲಸ. ಬಾಗಿಲು, ನಾಲ್ಕು ಕಿಟಕಿ, ಅವುಗಳ ಮೇಲಿನ ಲಿಂಟಲ್ (ಕಾಂಕ್ರೀಟ್ ಪಟ್ಟಿ) ಕಳೆದು 620 ಚದರ ಅಡಿ ಗೋಡೆಗೆ 16×8×8 ಇಂಚಿನ ಬ್ಲಾಕ್ 650 ಬೇಕು. ಒಡೆಯುವುದು ಸೇರಿ 700 ತರಿಸುತ್ತೇವೆ. ಒಂದೊಂದು ಬ್ಲಾಕ್ 30 ಕೆಜಿ ದಾಟುತ್ತದೆ. ಹುಡುಗರು ಹುರುಪಿನಲ್ಲಿ ಒಬ್ಬೊಬ್ಬರೇ ಎತ್ತಿ ಸೊಂಟ ಹಿಡಿಸಿಕೊಳ್ಳುತ್ತಾರೆ, ಒಂದಕ್ಕೆ ಇಬ್ಬರು ಎಂಬುದು ನಿಯಮ. ಲಾರಿ ಬಂದ ದಿನ ಹನ್ನೆರಡು ಜನ ಬಂದು ಬ್ಲಾಕ್‌ಗಳನ್ನು ಗೋಡೆಯ ಉದ್ದಕ್ಕೂ, ಮೇಸ್ತ್ರಿಯ ಕೈಗೆ ಸಿಗುವಂತೆ, ಆದರೆ ಅವನ ಓಡಾಟಕ್ಕೆ ಮೂರು ಅಡಿ ಬಿಟ್ಟು ಜೋಡಿಸಿದರೆ ಸಾಕು. ಆಮೇಲೆ ಒಬ್ಬ ಮೇಸ್ತ್ರಿಗೆ ಇಬ್ಬರು. ಮೂರನೆಯವರು ಬಂದರೆ ಮಾತು ಶುರುವಾಗುತ್ತದೆ, ತೂಗುಗುಂಡು ಹಿಡಿದು ಗೋಡೆ ನೇರ ನೋಡುವುದು ನಿಲ್ಲುತ್ತದೆ.

ಪಾಯದೊಳಗಿನ ಭರ್ತಿಗೆ ಮತ್ತೆ ಜನ ಬೇಕು. 20×16 ಅಡಿಗೆ ಎರಡು ಅಡಿ ಎತ್ತರವೆಂದರೆ 640 ಘನ ಅಡಿ. ದಮ್ಮಸು ಹೊಡೆದಾಗ (ಬಡಿದು ಗಟ್ಟಿ ಮಾಡಿದಾಗ) ಇಳಿಯುವುದರಿಂದ 800 ಘನ ಅಡಿ ಗರಸು, 100 ಘನ ಅಡಿಯ ಟ್ರಾಲಿಯಾದರೆ ಎಂಟು ಲೋಡು ತರಿಸಬೇಕು. ಆರು ಇಂಚು ಹರವುವುದು, ನೀರು ಹಾಕುವುದು, ದಮ್ಮಸು ಹೊಡೆಯುವುದು, ಆಮೇಲೆ ಮುಂದಿನ ಆರು ಇಂಚು. ಎಂಟೂ ಟ್ರಾಲಿಯನ್ನು ಒಮ್ಮೆಗೇ ಸುರಿದು ಮೇಲಷ್ಟೇ ಹೊಡೆದರೆ ನೋಡಲು ಗಟ್ಟಿಯಾಗಿಯೇ ಇರುತ್ತದೆ. ವರ್ಷದೊಳಗೆ ಮೂಲೆಗಳಲ್ಲಿ ನೆಲ ಕೂರುತ್ತದೆ. ಟ್ರಾಲಿಗಳು ಒಂದರ ಹಿಂದೆ ಒಂದು ಬಾರದಂತೆ ದಿನಕ್ಕೆ ನಾಲ್ಕು ಎಂದು ಮೊದಲೇ ಹೇಳಿಡಿ. ಇಪ್ಪತ್ತೈದು ಜನ, ಎರಡು ದಿನ. ಹತ್ತಿರದ ಕಾಲೇಜಿನ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಶಿಬಿರ ಸಿಕ್ಕರೆ ಈ ಕೆಲಸಕ್ಕೇ ಹೊಂದಿಸಿ. ಅವರ ಶಿಬಿರ ಏಳು ದಿನ. ಗೋಡೆ, ಮೋಲ್ಡ್ ಏಳು ದಿನಕ್ಕೆ ಬಗ್ಗುವ ಕೆಲಸಗಳಲ್ಲ. ಭರ್ತಿ, ಕಾಂಪೌಂಡಿನ ಒಳಗೆ ಸಮತಟ್ಟು ಮಾಡುವುದು, ಕೊನೆಗೆ ಸುಣ್ಣಬಣ್ಣ, ಇವು ಅವರಿಗೆ ಸರಿಹೊಂದುತ್ತವೆ.

ಇನ್ನು ಮೋಲ್ಡ್ ದಿನ. ಗೋಡೆಯಾಚೆ ಚಾಚುವ ತೂಗು ಸೇರಿ 495 ಚದರ ಅಡಿ, ಬೀಮ್ ಸೇರಿ ಸುಮಾರು 220 ಘನ ಅಡಿ ಕಾಂಕ್ರೀಟ್. ಸಿಮೆಂಟ್ ಒಂದು, ಮರಳು ಒಂದೂವರೆ, ಜಲ್ಲಿ ಮೂರು ಪಾಲಿನ ಮಿಶ್ರಣಕ್ಕೆ 50 ಮೂಟೆ ಸಿಮೆಂಟ್, 95 ಘನ ಅಡಿ ಮರಳು, 190 ಘನ ಅಡಿ 20 ಎಂಎಂ ಜಲ್ಲಿ. ಒಟ್ಟು ತೂಕ ಹದಿನೈದು ಟನ್ನಿನ ಹತ್ತಿರ. ಬಾಂಡ್ಲಿ ತುಂಬಿದರೆ 20 ಕೆಜಿ, ರೂಢಿಯಿಲ್ಲದವರು ಹತ್ತು ಸಲ ದಾಟಿಸುವಷ್ಟರಲ್ಲಿ ಸೋಲುತ್ತಾರೆ. 12 ಕೆಜಿಯಷ್ಟೇ ತುಂಬಿಸಿ. ಆಗ 1,250 ಬಾಂಡ್ಲಿ ಮೇಲೇರಬೇಕು. ಐದು ಗಂಟೆಯಲ್ಲಿ ಮುಗಿಯಲು ನಿಮಿಷಕ್ಕೆ ನಾಲ್ಕು. ಏಣಿಯಟ್ಟದ ಮೇಲೆ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರೆ ಇದು ಸರಾಗ. ಮೇಲೇರುವ ಸಾಲಿಗೆ 16, ಖಾಲಿ ಬಾಂಡ್ಲಿ ಇಳಿಸಲು 8, ಮಿಕ್ಸರ್‌ಗೆ ಸಾಮಾನು ಹಾಕಲು 8, ಬದಲಿಗೆ 10. ಒಟ್ಟು 42.

ಸಾಲಿನಲ್ಲಿ ಎತ್ತರದವರ ಪಕ್ಕ ಗಿಡ್ಡವರನ್ನು ನಿಲ್ಲಿಸಬೇಡಿ, ಬಾಂಡ್ಲಿ ಮೇಲೆ ಕೆಳಗೆ ಆಡಿ ಚೆಲ್ಲುತ್ತದೆ. ಅಟ್ಟದ ಕೆಳಗೆ ಯಾರೂ ಹಾಯಬಾರದು, ಹಗ್ಗ ಕಟ್ಟಿ. ಸಿಮೆಂಟ್ ಹಾಲು ಚರ್ಮ ಸುಡುತ್ತದೆ. ಕೈಗೆ ರಬ್ಬರ್ ಗ್ಲೌಸ್, ಕಾಲಿಗೆ ಚಪ್ಪಲಿಯಲ್ಲ, ಬೂಟು. ಕಣ್ಣಿಗೆ ಬಿದ್ದರೆ ಉಜ್ಜದೆ ತುಂಬಾ ಹೊತ್ತು ನೀರು ಬಿಟ್ಟು ತೊಳೆದು ಆಸ್ಪತ್ರೆಗೆ ಕರೆದೊಯ್ಯಬೇಕು. ಶಾಲೆ ಮಕ್ಕಳು ಆ ದಿನ ಅಂಗಳದಲ್ಲೂ ಇರಬಾರದು. ಖಾಲಿ ಬಾಂಡ್ಲಿ ಹಗುರವೆಂದು ಅವರನ್ನು ಸಾಲಿಗೆ ಸೇರಿಸುವುದು ಬಹಳ ಕಡೆ ನಡೆಯುತ್ತದೆ, ನಾವು ಹದಿನೆಂಟು ತುಂಬದವರನ್ನು ಸೇರಿಸುವುದಿಲ್ಲ.

ಅಳತೆಗೆ ಬಾಂಡ್ಲಿ ನಂಬಬೇಡಿ. ಒಬ್ಬರು ಗೋಪುರ ತುಂಬುತ್ತಾರೆ, ಇನ್ನೊಬ್ಬರು ಮಟ್ಟಕ್ಕೆ. ಒಂದಡಿ ಉದ್ದ, ಒಂದಡಿ ಅಗಲ, 15 ಇಂಚು ಆಳದ ಪೆಟ್ಟಿಗೆಗೆ ಒಂದು ಮೂಟೆ ಸಿಮೆಂಟಿನಷ್ಟೇ ಹಿಡಿಯುತ್ತದೆ. ಜಲ್ಲಿ ತುಂಬಿದರೆ ಅದನ್ನು ಎತ್ತಲಾಗದು, ಆದ್ದರಿಂದ ಆಳ ಏಳೂವರೆ ಇಂಚು ಮಾಡಿ ಹಿಡಿ ಕೂರಿಸುತ್ತೇವೆ. ಒಂದು ಮೂಟೆಗೆ ಮರಳು ಮೂರು ಪೆಟ್ಟಿಗೆ, ಜಲ್ಲಿ ಆರು. ನೀರು ಮೂಟೆಗೆ 25 ಲೀಟರ್, ಮರಳು ಹಸಿಯಿದ್ದರೆ ಇನ್ನೂ ಕಡಿಮೆ. ಸ್ವಯಂಸೇವಕರ ಕೆಲಸ ಕೆಡುವುದು ಹೆಚ್ಚಾಗಿ ಈ ನೀರಿನಲ್ಲಿ. ಸಾಲಿನವರು ದಣಿದಾಗ ‘ಸ್ವಲ್ಪ ನೀರು ಜಾಸ್ತಿ ಬಿಡ್ರಿ, ಸುಲಭ ಆಗ್ತೈತಿ’ ಅನ್ನುತ್ತಾರೆ, ನೀರಿನವರು ಬಿಡುತ್ತಾರೆ. ಮೋಲ್ಡ್‌ನ ಬಲ ಅಲ್ಲಿಗೆ ಹೋಯಿತು. ನೀರಿನ ಕೊಡ ಹಿಡಿಯಲು ಯಾರ ಮಾತಿಗೂ ಬಗ್ಗದ ಒಬ್ಬ ಅಕ್ಕನನ್ನೋ ನಿವೃತ್ತ ಮೇಷ್ಟ್ರನ್ನೋ ನಿಲ್ಲಿಸಿ, ಮೇಸ್ತ್ರಿ ಬಿಟ್ಟು ಬೇರೆಯವರ ಮಾತು ಕೇಳಬೇಡಿ ಎಂದು ಎಲ್ಲರೆದುರೇ ಹೇಳುತ್ತೇವೆ.

ಬೆಳಿಗ್ಗೆ ಆರಕ್ಕೆ ಮೊದಲ ಮಿಶ್ರಣ ಬೀಳಬೇಕು. ಮಾರ್ಚ್ ಬಿಸಿಲಿನಲ್ಲಿ ಹನ್ನೊಂದರ ಮೇಲೆ ಹಾಕಿದ ಮೋಲ್ಡ್ ಮೇಲ್ಮೈ ಬೇಗ ಆರಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ತಿಂಡಿಗೆ ಎಲ್ಲರೂ ಒಟ್ಟಿಗೆ ಎದ್ದರೆ ಹಾಕಿದ ಅಂಚು ಬಿಗಿದು, ಹೊಸದರ ಜೊತೆ ಬೆಸೆಯದೆ, ಮಳೆಗಾಲದಲ್ಲಿ ಅದೇ ಗೆರೆಯಲ್ಲಿ ಸೋರುತ್ತದೆ. ಬದಲಿ ಹತ್ತು ಜನ ಇರುವುದು ಇದಕ್ಕೇ. ಹತ್ತು ಹತ್ತು ಜನ ತಿಂದು ಬರುತ್ತಾರೆ. ಉಪ್ಪಿಟ್ಟಾದರೆ 45 ಜನಕ್ಕೆ 5 ಕೆಜಿ ರವೆ, ಗಂಟೆಗೊಮ್ಮೆ ಉಪ್ಪು ಹಾಕಿದ ಮಜ್ಜಿಗೆ. ಕಂಬಿಯ ಮೇಲೆ ನೇರ ಕಾಲಿಡದಂತೆ ಹಲಗೆ ಹಾಸಿ, ಬೀಮಿನ ಮೇಲಿನ ಕಂಬಿ ತುಳಿತಕ್ಕೆ ಕೆಳಗೆ ಕೂತರೆ ಅದು ಇದ್ದೂ ಇಲ್ಲದಂತೆ. ಮಿಕ್ಸರ್ ಕೆಟ್ಟರೆ ಎಲ್ಲಿಗೆ ನಿಲ್ಲಿಸಬೇಕೆಂದು ಎಂಜಿನಿಯರ್ ಹಿಂದಿನ ದಿನವೇ ಗುರುತು ಹಾಕಿಕೊಟ್ಟಿರಬೇಕು.

ಮೋಲ್ಡ್ ಮುಗಿದ ಸಂಜೆ ಫೋಟೊ, ಊಟ, ಸಂಭ್ರಮ. ಮರುದಿನದಿಂದ ಹದಿನಾಲ್ಕು ದಿನ ನೀರು ನಿಲ್ಲಿಸಲು ಯಾರೂ ಇರುವುದಿಲ್ಲ! ಇಡೀ ಕಟ್ಟಡದ ಆಯುಸ್ಸು ಈ ಹದಿನಾಲ್ಕು ದಿನದ ಕೈಯಲ್ಲಿದೆ. ಮೋಲ್ಡ್ ಮೇಲೆ ಗಾರೆಯ ಸಣ್ಣ ಬದು ಕಟ್ಟಿ ಎರಡು ಇಂಚು ನೀರು ನಿಲ್ಲಿಸಬೇಕು. ಒಂದು ಹೊತ್ತು ಒಣಗಿದರೂ ನಷ್ಟ. ‘ಯಾರಾದರೂ ಹಾಕ್ರಿ’ ಎಂದರೆ ಯಾರೂ ಹಾಕುವುದಿಲ್ಲ. ಶಾಲೆಗೆ ಹತ್ತಿರದ ಹದಿನಾಲ್ಕು ಮನೆಗಳಿಗೆ ಒಂದೊಂದು ದಿನ ಹಂಚಿ, ಚೀಟಿ ಬರೆದು ಬಾಗಿಲಿಗೆ ಅಂಟಿಸುತ್ತೇವೆ. ಹಿಂದಿನ ರಾತ್ರಿ ಫೋನ್: ‘ಅಕ್ಕಾ, ನಾಳೆ ನಿಮ್ಮ ಪಾಳಿ, ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಐದು.’ ಸ್ತ್ರೀಶಕ್ತಿ ಸಂಘದವರು ಹೊತ್ತುಕೊಂಡ ಕಡೆ ಒಂದು ಪಾಳಿಯೂ ತಪ್ಪುವುದಿಲ್ಲ. ಬೀಮ್ ಕೆಳಗಿನ ಆಧಾರವನ್ನು ನಾವು 21 ದಿನ ಬಿಡುತ್ತೇವೆ. ಸೆಂಟ್ರಿಂಗ್ ಬಾಡಿಗೆಯ ಆಸೆಗೆ ಬೇಗ ಬಿಚ್ಚಲು ಬಂದರೆ ಕೊಡಬೇಡಿ.

ಜನರನ್ನು ಗುಂಪು ಮಾಡುವಾಗ ಒಂದು ಕೇರಿಯವರನ್ನೇ ಒಂದು ಗುಂಪಿಗೆ ಹಾಕಬಾರದು. ಹಾಗೆ ಬಿಟ್ಟರೆ ಒಂದು ಕೇರಿಗೆ ಅಗೆತ, ಇನ್ನೊಂದು ಕೇರಿಗೆ ಲೆಕ್ಕ ಬರೆಯುವುದು ಎಂದು ತಾನಾಗಿ ಬೀಳುತ್ತದೆ, ಅದನ್ನು ಕಂಡೂ ಸುಮ್ಮನಿರುವುದು ತಪ್ಪು. ಹೆಸರುಗಳನ್ನು ಬೆರೆಸಿ ಪಟ್ಟಿ ಮಾಡಿ, ನೀರಿನ ಹಂಡೆ ಒಂದೇ, ಪಂಕ್ತಿಯೂ ಒಂದೇ ಎಂದು ಮೊದಲ ಸಭೆಯಲ್ಲೇ ಹೇಳಿಬಿಡಬೇಕು. ಒಪ್ಪದವರು ಹಣ ಕೊಡಲು ಬಂದರೂ ಬೇಡವೆನ್ನುತ್ತೇವೆ. ಆ ಕೊಠಡಿಯಲ್ಲಿ ಎಲ್ಲ ಕೇರಿಯ ಮಕ್ಕಳೂ ಒಟ್ಟಿಗೆ ಕೂರಬೇಕಲ್ಲ.

ದಾನಿಗಳು ಸಿಮೆಂಟ್ ಕೊಡುತ್ತೇವೆಂದರೆ ಮೂಟೆಯನ್ನು ಅಂದೇ ಇಳಿಸಿಕೊಳ್ಳಬೇಡಿ. ಹಣವನ್ನು ಅವರೇ ಅಂಗಡಿಗೆ ಕಟ್ಟಿ ಚೀಟಿ ತಂದುಕೊಡಲಿ, ಬೇಕಾದ ವಾರ ಎತ್ತಿಕೊಳ್ಳಿ. ಮೂರು ತಿಂಗಳು ಕೂತ ಸಿಮೆಂಟ್ ಬಲ ಕಳೆದುಕೊಂಡಿರುತ್ತದೆ. ಇಡಲೇಬೇಕಾದರೆ ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ಬಿಟ್ಟು, ಹತ್ತು ಮೂಟೆಗಿಂತ ಎತ್ತರ ಬೇಡ. ನಗದು ಶಾಲಾಭಿವೃದ್ಧಿ ಸಮಿತಿಯ ಜಂಟಿ ಖಾತೆಗೇ ಹೋಗಬೇಕು. ಪುಸ್ತಕ ಮೂರು: ನಗದು, ಸಾಮಾನು, ಹಾಜರಿ. ಪ್ರತಿ ಸೋಮವಾರ ಮೂರರದ್ದೂ ಒಂದೊಂದು ಹಾಳೆ ಶಾಲೆ ಗೋಡೆಗೆ. ಹಾಜರಿ ಪುಸ್ತಕದಲ್ಲಿ ಬಂದವರ ಹೆಸರಿನ ಮುಂದೆ ಮಾಡಿದ ಕೆಲಸವನ್ನೂ ಬರೆಯುತ್ತೇವೆ. ಮುಂದಿನ ಸಲ ‘ಅಣ್ಣಾ, ನೀವು ಹೋದ ಸಲ ಸಾಲಿನಲ್ಲಿ ನಿಂತಿದ್ರಿ, ಈ ಸಲವೂ ಅಲ್ಲೇ ಬರ್ರಿ’ ಎಂದು ಕರೆಯಲು ಅದೇ ಆಧಾರ.

ಕಟ್ಟಡ ಇಲಾಖೆಗೆ ಒಪ್ಪಿಸುವಾಗ ಬೀಗದ ಜೊತೆ ನಕ್ಷೆ, ಕಂಬಿ ಕಟ್ಟಿದ ದಿನದ ಫೋಟೊ, ವೈರಿಂಗ್ ಚಿತ್ರ ಇಷ್ಟನ್ನೂ ಒಂದು ಕಡತದಲ್ಲಿ ಮುಖ್ಯ ಶಿಕ್ಷಕರ ಕೈಗೆ ಕೊಡಬೇಕು. ಉಳಿದ ಬ್ಲಾಕ್‌ನಲ್ಲಿ ಹತ್ತನ್ನು, ಬಣ್ಣದಲ್ಲಿ ಎರಡು ಲೀಟರ್ ಅನ್ನು ಶಾಲೆಯಲ್ಲೇ ಬಿಡಿ. ಪ್ರತಿ ವರ್ಷ ಮುಂಗಾರಿಗೆ ಮೊದಲು ಮೋಲ್ಡ್ ಮೇಲಿನ ಎಲೆ ಗುಡಿಸಿ ನೀರು ಹೋಗುವ ಕೊಳವೆ ಬಿಡಿಸಲು ಇಬ್ಬರ ಹೆಸರು ಒಪ್ಪಿಸುವ ದಿನವೇ ಬರೆದಿಡಬೇಕು. ಅದಕ್ಕೆ ಇಬ್ಬರು ಸಾಕು, ಒಂದು ಬೆಳಿಗ್ಗೆ.