ಕಣ್ಣಿಗೆ ಬೀಳದ ‘ಅಲ್ಲ’: ಎನ್‌ಎಂಎಂಎಸ್ ಪರೀಕ್ಷೆಗೆ ಮಕ್ಕಳನ್ನು ಅಣಿಗೊಳಿಸಿದ ನನ್ನ ಅನುಭವ

ಆಲೂರು ಮತ್ತು ಸಕಲೇಶಪುರದ ನಡುವೆ, ಹೆದ್ದಾರಿಯಿಂದ ಕಾಫಿ ತೋಟಗಳ ಒಳಕ್ಕೆ ಇಳಿಯುವ ರಸ್ತೆಯೊಂದರ ಕೊನೆಯಲ್ಲಿರುವ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಗಣಿತ ಮತ್ತು ವಿಜ್ಞಾನ ಕಲಿಸುತ್ತೇನೆ. ರಾಜ್ಯದ ಅನೇಕ ಹಿರಿಯ ಪ್ರಾಥಮಿಕ ಶಾಲೆಗಳು 7ನೇ ತರಗತಿಗೇ ಮುಗಿಯುತ್ತವೆ. ನಮ್ಮಲ್ಲಿ 8ನೇ ತರಗತಿಯೂ ಇರುವುದರಿಂದ ಕಡಿಮೆ ಆದಾಯದ ಕುಟುಂಬಗಳ ಪ್ರತಿಭಾವಂತ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡಲು 8ನೇ ತರಗತಿಯವರಿಗೆ ನಡೆಸುವ ಎನ್‌ಎಂಎಂಎಸ್ ಪರೀಕ್ಷೆಗೆ ಮಕ್ಕಳನ್ನು ಸಿದ್ಧಪಡಿಸುವ ಕೆಲಸ ನಮ್ಮ ಪಾಲಿಗೆ ಬರುತ್ತದೆ. ಗಣಿತದವರು ಎಂಬ ಕಾರಣಕ್ಕೆ ಅದು ನೇರವಾಗಿ ನನ್ನ ಮೇಜಿನ ಮೇಲೆ ಬಂದು ಕುಳಿತಿತು.

2008ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಈ ಯೋಜನೆಯಲ್ಲಿ ದೇಶದಾದ್ಯಂತ ವರ್ಷಕ್ಕೆ 1 ಲಕ್ಷ ಹೊಸ ವಿದ್ಯಾರ್ಥಿವೇತನಗಳಿವೆ. ಆಯ್ಕೆಯಾದ ಮಗುವಿಗೆ 9ರಿಂದ 12ನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿಯಂತೆ ಒಟ್ಟು 48,000 ರೂಪಾಯಿ ದೊರೆಯುತ್ತದೆ. ಸಾಮಾನ್ಯ ಬೌದ್ಧಿಕ ಸಾಮರ್ಥ್ಯದ್ದು ಒಂದು ಪತ್ರಿಕೆ, ವ್ಯಾಸಂಗ ಪ್ರವೃತ್ತಿಯದು ಇನ್ನೊಂದು. ಎರಡರಲ್ಲೂ 90 ಪ್ರಶ್ನೆ, 90 ನಿಮಿಷ. ಎರಡನೆಯದರಲ್ಲಿ ವಿಜ್ಞಾನಕ್ಕೆ 35, ಸಮಾಜ ವಿಜ್ಞಾನಕ್ಕೆ 35, ಗಣಿತಕ್ಕೆ 20 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಎರಡೂ ಸೇರಿ ಶೇ 40, ಪರಿಶಿಷ್ಟ ಜಾತಿ ಮತ್ತು ಪಂಗಡದ ಮಕ್ಕಳಿಗೆ ಶೇ 32 ಅಂಕ ಬಂದರೆ ಅರ್ಹತೆ. ಆದರೆ ಅರ್ಹತೆ ಬೇರೆ, ಆಯ್ಕೆ ಬೇರೆ ಎಂಬುದನ್ನು ಪೋಷಕರಿಗೆ ಪ್ರತಿವರ್ಷ ಬಿಡಿಸಿ ಹೇಳಬೇಕಾಗುತ್ತದೆ.

ಮೊದಲ ವರ್ಷ ನಾನು ಮಾಡಿದ್ದು ಎಲ್ಲರೂ ಮಾಡುವಂಥದ್ದೇ. ತರಗತಿಯ 14 ಮಕ್ಕಳಲ್ಲಿ ‘ಚುರುಕಾದ’ 5 ಮಂದಿಯನ್ನು ಆರಿಸಿ, ಹಾಸನದಿಂದ ಗೈಡು ತರಿಸಿ, 7 ಮತ್ತು 8ನೇ ತರಗತಿಯ ಪಾಠಗಳನ್ನು ಮತ್ತೊಮ್ಮೆ ಮಾಡಿದೆ. ಒಬ್ಬರೂ ಆಯ್ಕೆಯಾಗಲಿಲ್ಲ. ಸುತ್ತಲಿನ ಶಾಲೆಗಳ ಕ್ಲಸ್ಟರ್ ಸಭೆಯಲ್ಲಿ ನಮ್ಮ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಏನನ್ನೂ ಹೇಳಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. ತೋಟದ ಮಕ್ಕಳು, ಮನೆಯಲ್ಲಿ ಓದಿಸುವವರಿಲ್ಲ, ಇಷ್ಟೇ ಎಂದು ನಾನೂ ಒಂದೆರಡು ವಾರ ಸಮಾಧಾನ ಮಾಡಿಕೊಂಡಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಆಮೇಲೆ ಆ ಐವರಿಗೇ ಹಳೆಯ ಪತ್ರಿಕೆಯೊಂದನ್ನು ಮತ್ತೆ ಬರೆಸಿದೆ. ಈ ಬಾರಿ ಅಂಕ ಕೂಡಿಸುವ ಮೊದಲು ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ತಪ್ಪಾದ ಪ್ರತಿಯೊಂದು ಪ್ರಶ್ನೆಗೂ ಆ ಉತ್ತರವನ್ನು ಏಕೆ ಆರಿಸಿದೆ ಎಂದು ಅವರ ಬಾಯಿಂದಲೇ ಕೇಳಿದೆ. ‘ಕೆಳಗಿನವುಗಳಲ್ಲಿ ಯಾವುದು ಭೌತಬದಲಾವಣೆಯಲ್ಲ?’ ಎಂಬಂಥ ಪ್ರಶ್ನೆಗೆ ಮಂಜುಗಡ್ಡೆ ಕರಗುವುದು, ಕಾಗದ ಹರಿಯುವುದು, ಕಬ್ಬಿಣಕ್ಕೆ ತುಕ್ಕು ಹಿಡಿಯುವುದು, ನೀರು ಆವಿಯಾಗುವುದು ಎಂಬ ಆಯ್ಕೆಗಳಿದ್ದವು. ಹುಡುಗ ಮಂಜುಗಡ್ಡೆಗೆ ಗುರುತು ಹಾಕಿದ್ದ.

“ತುಕ್ಕು ಹಿಡಿಯೋದು ಯಾವ ಬದಲಾವಣೆ?” ಎಂದೆ.

“ರಾಸಾಯನಿಕ, ಮಿಸ್.”

“ಮತ್ತೆ ಇದಕ್ಕೆ ಯಾಕೆ ಹಾಕಿದೆ?”

“ಮಂಜುಗಡ್ಡೆ ಕರಗೋದು ಭೌತಬದಲಾವಣೆ ತಾನೇ ಮಿಸ್?” ಎಂದು ಅವನು ನನ್ನನ್ನೇ ಕೇಳಿದ. ಪ್ರಶ್ನೆಯನ್ನು ಗಟ್ಟಿಯಾಗಿ ಓದು ಎಂದೆ. ಓದುತ್ತಾ ಬಂದು ಕೊನೆಯ ಪದದಲ್ಲಿ ನಾಲಿಗೆ ಕಚ್ಚಿಕೊಂಡ.

ನಮ್ಮ ಭಾಷೆಯಲ್ಲಿ ನಿಷೇಧ ಬರುವುದು ವಾಕ್ಯದ ತುದಿಯಲ್ಲಿ, ಅದೂ ಸಂಧಿಯಾಗಿ ಹಿಂದಿನ ಪದದ ಬಾಲಕ್ಕೆ ಅಂಟಿಕೊಂಡು. ‘ಬದಲಾವಣೆಯಲ್ಲ’ ಎಂಬುದರಲ್ಲಿ ‘ಬದಲಾವಣೆ’ಯವರೆಗೆ ಓದಿದ ಕಣ್ಣು ಆಯ್ಕೆಗಳಿಗೆ ಹಾರಿಬಿಡುತ್ತದೆ. ಮೊದಲ ಆಯ್ಕೆಯೇ ಭೌತಬದಲಾವಣೆಯಾಗಿದ್ದರೆ ಉಳಿದವುಗಳನ್ನು ನೋಡುವ ಪ್ರಶ್ನೆಯೇ ಇಲ್ಲ. ನೋಟ್‌ಬುಕ್ಕಿನಲ್ಲಿ ಮೂರು ಅಂಕಣ ಹಾಕಿ ಐದೂ ಮಕ್ಕಳ ತಪ್ಪುಗಳನ್ನು ಬೇರ್ಪಡಿಸಿದೆ: ವಿಷಯ ಗೊತ್ತಿರಲಿಲ್ಲ, ಗೊತ್ತಿತ್ತು ಆದರೆ ಪ್ರಶ್ನೆಯನ್ನು ಪೂರ್ತಿ ಓದಲಿಲ್ಲ, ಓದಿದ್ದರೂ ಬೇರೆ ವೃತ್ತಕ್ಕೆ ಶಾಯಿ ತುಂಬಿದರು. ನಡುವಿನ ಅಂಕಣ ಪುಟದ ಅಂಚು ದಾಟಿತು. ವರ್ಷವಿಡೀ ನಾನು ಮೊದಲನೆಯ ಅಂಕಣಕ್ಕೆ ಮದ್ದು ಅರೆಯುತ್ತಿದ್ದೆ.

ಮುಂದಿನ ವರ್ಷ ಗೈಡನ್ನು ಬದಿಗಿಟ್ಟು, ದಿನಕ್ಕೆ ನಾಲ್ಕೇ ಪ್ರಶ್ನೆಗಳನ್ನು ಕಪ್ಪುಹಲಗೆಯಲ್ಲಿ ಆಯ್ಕೆಗಳಿಲ್ಲದೆ ಬರೆದೆ. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ‘ಇಲ್ಲಿ ಏನನ್ನು ಕೇಳುತ್ತಿದ್ದಾರೆ’ ಎಂಬುದನ್ನು ತಮ್ಮ ಮನೆಮಾತಿನಲ್ಲಿ ಹೇಳಬೇಕು, ಅದಾದ ಮೇಲಷ್ಟೇ ಆಯ್ಕೆಗಳನ್ನು ಬರೆಯುತ್ತಿದ್ದೆ. ‘ಅಲ್ಲ’, ‘ಇಲ್ಲ’, ‘ಹೊರತುಪಡಿಸಿ’, ‘ತಪ್ಪಾದ ಹೇಳಿಕೆ’, ‘ಗುಂಪಿಗೆ ಸೇರದ’ ಇವುಗಳಿಗೆ ಪೆನ್ನಿನಿಂದ ಸುತ್ತು ಹಾಕದೆ ಉತ್ತರ ಹೇಳುವಂತಿರಲಿಲ್ಲ. ಮೊದಲ ತಿಂಗಳು ಇದು ನನಗೇ ಬೇಸರ ತರಿಸುವಷ್ಟು ನಿಧಾನವಾಗಿತ್ತು. ಸಮಾಜ ವಿಜ್ಞಾನದ ನಾಲ್ಕು ಸಾಲಿನ ಪ್ರಶ್ನೆಯೊಂದನ್ನು ಒಬ್ಬ ಹುಡುಗಿ ಓದಿ ಮುಗಿಸುವಾಗ ನನ್ನ ಕೈಗಡಿಯಾರದಲ್ಲಿ 50 ಸೆಕೆಂಡು ಕಳೆದಿತ್ತು. ಒಂದು ಪ್ರಶ್ನೆಗೆ ಒಂದೇ ನಿಮಿಷವಿರುವ ಪರೀಕ್ಷೆಯಲ್ಲಿ ಯೋಚಿಸಲು ಅವಳಿಗೆ ಉಳಿದದ್ದು 10 ಸೆಕೆಂಡು. ಆ ಲೆಕ್ಕ ಕಂಡ ದಿನ ಪರೀಕ್ಷೆಯ ತಯಾರಿ ಎಂದರೆ ಓದಿನ ತಯಾರಿ ಎಂಬುದು ನನಗೆ ಖಚಿತವಾಯಿತು. ಊಟದ ಬಳಿಕದ 15 ನಿಮಿಷವನ್ನು ದಿನಪತ್ರಿಕೆಯ ಗಟ್ಟಿ ಓದಿಗೆ ಮೀಸಲಿಟ್ಟೆ.

ಉತ್ತರದ ವೃತ್ತಕ್ಕೆ ಶಾಯಿ ತುಂಬುವ ಓಎಂಆರ್ ಹಾಳೆಯದು ಬೇರೆಯೇ ಕಥೆ. ಒಬ್ಬಳು 37ನೇ ಪ್ರಶ್ನೆಯನ್ನು ಬಿಟ್ಟು 38ರ ಉತ್ತರವನ್ನು 37ರ ಸಾಲಿಗೆ ತುಂಬಿದ್ದಳು. ಅಲ್ಲಿಂದ ಮುಂದಕ್ಕೆ ಎಲ್ಲವೂ ಒಂದೊಂದು ಸಾಲು ಮೇಲಕ್ಕೆ ಸರಿದಿತ್ತು. ಜೆರಾಕ್ಸ್ ಮಾಡಿಸಿದ ಹಾಳೆಗಳ ಮೇಲೆ ಬಾಲ್‌ಪೆನ್ನಿನಲ್ಲೇ ಅಭ್ಯಾಸ ಮಾಡಿಸಿ, 10, 20, 30 ಎಂದು ಪ್ರತಿ ಹತ್ತಕ್ಕೊಮ್ಮೆ ಪ್ರಶ್ನೆಯ ಸಂಖ್ಯೆ ಮತ್ತು ಸಾಲಿನ ಸಂಖ್ಯೆಯ ಮೇಲೆ ಬೆರಳಿಟ್ಟು ತಾಳೆ ನೋಡುವ ರೂಢಿ ಮಾಡಿಸಿದೆ. ಇದಕ್ಕೆ ಹೆಚ್ಚು ದಿನ ಬೇಕಾಗಲಿಲ್ಲ.

ಬೌದ್ಧಿಕ ಸಾಮರ್ಥ್ಯದ ಪತ್ರಿಕೆಗೆ ನಾನು ಹೆದರಿದ್ದಷ್ಟು ಮಕ್ಕಳು ಹೆದರಲಿಲ್ಲ. ಇಂಗ್ಲಿಷ್ ಅಕ್ಷರಗಳ ಸರಣಿಗೆ ಇ, ಜೆ, ಒ, ಟಿ, ವೈ ಎಂಬ ಐದು ಅಕ್ಷರಗಳು 5, 10, 15, 20, 25ನೆಯವು ಎಂಬುದನ್ನು ಬಾಯಿಪಾಠ ಮಾಡಿಸಿದರೆ ಉಳಿದ ಅಕ್ಷರಗಳ ಸ್ಥಾನ ತಾನಾಗಿ ಸಿಗುತ್ತದೆ. ದಾಳದ ಪ್ರಶ್ನೆಗಳಿಗೆ ಸೀಮೆಸುಣ್ಣದ ಡಬ್ಬದ ರಟ್ಟನ್ನು ಕತ್ತರಿಸಿ ಘನ ಮಾಡಿಕೊಂಡೆವು. ರಕ್ತಸಂಬಂಧದ ಪ್ರಶ್ನೆಗಳಲ್ಲಿ ‘ನನ್ನ ತಾಯಿಯ ತಂದೆಯ ಏಕಮಾತ್ರ ಪುತ್ರ’ ಎಂದಾಗ ಮಿಕಿಮಿಕಿ ನೋಡುತ್ತಿದ್ದವರು, ‘ಅಜ್ಜನಿಗೆ ಒಬ್ಬನೇ ಮಗ, ನಿಮ್ಮಮ್ಮನ ಜೊತೆ ಹುಟ್ಟಿದವನು’ ಎಂದ ಕೂಡಲೇ “ಸೋದರಮಾವ!” ಎಂದು ಕೂಗಿದರು. ಒಬ್ಬಳು ಮಾತ್ರ ಎದ್ದು ನಿಂತು, “ಮಿಸ್, ನಮ್ಮಮ್ಮ ಸೋದರಮಾವನ್ನೇ ಮದುವೆ ಆಗಿರೋದು. ನಮ್ಮಪ್ಪ ನಮ್ಮಜ್ಜಿಗೆ ತಮ್ಮನೂ ಹೌದು, ಅಳಿಯನೂ ಹೌದು. ಯಾವುದಕ್ಕೆ ತುಂಬ್ಲಿ?” ಎಂದಳು. ಅವಳ ತರ್ಕದಲ್ಲಿ ಲೋಪವಿರಲಿಲ್ಲ. ಪ್ರಶ್ನೆಯಲ್ಲಿ ಬರೆದಿರುವಷ್ಟನ್ನೇ ನಂಬು, ಮನೆಯನ್ನು ಮನೆಯಲ್ಲೇ ಬಿಟ್ಟು ಬಾ ಎಂದು ನಗುತ್ತಲೇ ಹೇಳಬೇಕಾಯಿತು.

ಈ ಹುಡುಗಿ ಹಿಂದಿನ ವರ್ಷದ ಲೆಕ್ಕದಲ್ಲಿ ನಾನು ಆರಿಸುತ್ತಿದ್ದ ‘ಚುರುಕಾದ’ ಐವರಲ್ಲಿ ಬರುತ್ತಿರಲಿಲ್ಲ. ಎರಡನೆಯ ವರ್ಷ ಇಡೀ ತರಗತಿಗೆ ಅಭ್ಯಾಸ ಮಾಡಿಸಿದ್ದರಿಂದಲೇ ಅವಳು ನನ್ನ ಕಣ್ಣಿಗೆ ಬಿದ್ದದ್ದು. 7ನೇ ತರಗತಿಯಲ್ಲಿ ಶೇ 55, ಪರಿಶಿಷ್ಟರಿಗೆ ಶೇ 50 ಅಂಕವಿದ್ದವರೆಲ್ಲ ಅರ್ಜಿ ಹಾಕಬಹುದೆಂದು ನಿಯಮವೇ ಹೇಳುವಾಗ, ಅದರೊಳಗೆ ಇನ್ನೊಂದು ಜರಡಿ ಹಿಡಿಯುವ ಅಧಿಕಾರವನ್ನು ನನಗೆ ಯಾರೂ ಕೊಟ್ಟಿರಲಿಲ್ಲ.

ಸಮಯ ಹೊಂದಿಸುವುದು ಪಾಠಕ್ಕಿಂತ ಕಷ್ಟವಾಯಿತು. ಜುಲೈ, ಆಗಸ್ಟ್‌ನಲ್ಲಿ ಮಳೆಯ ರಜೆಗಳು. ಸಂಜೆ ಐದರ ನಂತರ ಮಕ್ಕಳನ್ನು ಉಳಿಸಿಕೊಳ್ಳುವಂತಿಲ್ಲ, ಯಾವ ತೋಟದಲ್ಲಿ ಆನೆ ಇದೆಯೆಂಬ ಅರಣ್ಯ ಇಲಾಖೆಯ ಸಂದೇಶ ಅಷ್ಟು ಹೊತ್ತಿಗೆ ಮೊಬೈಲಿಗೆ ಬಂದಿರುತ್ತದೆ. ಆದ್ದರಿಂದ ವಿಶೇಷ ತರಗತಿಯನ್ನು ಬೆಳಿಗ್ಗೆ ಒಂಬತ್ತಕ್ಕೆ ಬದಲಾಯಿಸಿದೆ. ಪರೀಕ್ಷೆ ಸಮೀಪಿಸುವ ಡಿಸೆಂಬರ್, ಜನವರಿಯಲ್ಲಿ ಕಾಫಿ ಕೊಯ್ಲು ಶುರುವಾಗಿ, ತಂಗಿ ತಮ್ಮಂದಿರನ್ನು ನೋಡಿಕೊಳ್ಳಲು ದೊಡ್ಡ ಮಕ್ಕಳು ತೋಟದ ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಗಳಲ್ಲೇ ಉಳಿಯುತ್ತಾರೆ. ಚಿಕ್ಕವರನ್ನೂ ಶಾಲೆಗೆ ಕರೆತನ್ನಿ ಎಂದೆ. ಎರಡು ತಿಂಗಳು ನನ್ನ ತರಗತಿಯ ಹಿಂಬದಿಯಲ್ಲಿ ಮೂರು ವರ್ಷದವನೊಬ್ಬ ಸ್ಲೇಟು ಕುಟ್ಟುತ್ತಾ ಕುಳಿತಿರುತ್ತಿದ್ದ.

ಆದಾಯ ಪ್ರಮಾಣಪತ್ರಕ್ಕಾಗಿ ತಾಯಂದಿರು ನಾಡಕಚೇರಿಗೆ ಹೋದರೆ ಆ ದಿನದ ಕೂಲಿ ಹೋಯಿತು. ಮಿತಿ ವರ್ಷಕ್ಕೆ 3.5 ಲಕ್ಷ ರೂಪಾಯಿ ಇರುವುದರಿಂದ ನಮ್ಮ ಮಕ್ಕಳಲ್ಲಿ ಯಾರೂ ಅದನ್ನು ದಾಟುವವರಲ್ಲ, ಆದರೂ ಕಾಗದ ಬೇಕೇ ಬೇಕು. ಈಗ ಜೂನ್‌ನಲ್ಲೇ ಎಲ್ಲರ ದಾಖಲೆಗಳನ್ನು ಒಟ್ಟು ಮಾಡಿ, ಮಳೆಗೆ ತೋಟದ ಕೆಲಸ ನಿಂತ ದಿನ ನೋಡಿ ಒಟ್ಟಿಗೇ ಕಳುಹಿಸುತ್ತೇನೆ.

ಆ ವರ್ಷ ಇಬ್ಬರು ಆಯ್ಕೆಯಾದರು. ಅಪ್ಪನನ್ನು ಅಜ್ಜಿಯ ತಮ್ಮನೆಂದು ವಾದಿಸಿದ್ದವಳು ಅವರಲ್ಲಿ ಒಬ್ಬಳು. ಇನ್ನೊಬ್ಬ ಹುಡುಗನಿಗೆ ಒಂದು ರೂಪಾಯಿಯೂ ಬರಲಿಲ್ಲ. ಆಯ್ಕೆ ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು, 9ನೇ ತರಗತಿಗೆ ಸೇರಿದ ಮೇಲೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಹೊಸದಾಗಿ ಅರ್ಜಿ ಹಾಕಬೇಕು, ಅದನ್ನು ಹೊಸ ಶಾಲೆ ಪರಿಶೀಲಿಸಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ನಮ್ಮಿಂದ ಹೋದ ಹುಡುಗ ಎಂದು ನಾವು ಬಿಟ್ಟೆವು, ಈಗಷ್ಟೇ ಬಂದ ಹುಡುಗ ಎಂದು ಅವರಿಗೆ ತಿಳಿಯಲಿಲ್ಲ, ಕೊನೆಯ ದಿನಾಂಕ ದಾಟಿಹೋಯಿತು. ಮರುವರ್ಷ ಸಂತೆಯಲ್ಲಿ ಸಿಕ್ಕ ಅವನ ತಾಯಿ, “ಪಾಸಾಗಿದಾನೆ ಅಂದ್ರಲ್ಲ ಮೇಡಂ, ದುಡ್ಡು ಯಾವಾಗ ಬರುತ್ತೆ?” ಎಂದು ಕೇಳಿದಾಗಲೇ ನನಗೆ ಗೊತ್ತಾದದ್ದು.

ಮೂರು ಅಂಕಣದ ಆ ನೋಟ್‌ಬುಕ್ಕಿನ ಹಿಂಬದಿಯ ಪುಟಗಳಲ್ಲಿ ಈಗ ಆಯ್ಕೆಯಾದವರ ಹೆಸರು, ಸೇರಿದ ಪ್ರೌಢಶಾಲೆ, ಮನೆಯ ಫೋನ್ ನಂಬರು ಇವೆ. ಪೋರ್ಟಲ್ ತೆರೆದ ವಾರ ಒಂದು ಶನಿವಾರ ಮಧ್ಯಾಹ್ನ ಅದನ್ನು ಹಿಡಿದು ಪ್ರೌಢಶಾಲೆಗೆ ಹೋಗಿ, ಅರ್ಜಿ ಹಾಕಿದವರ ಹೆಸರಿನ ಮುಂದೆ ಗುರುತು ಹಾಕಿಕೊಂಡು ಬರುತ್ತೇನೆ.