ಕೊಡಗಿನಲ್ಲಿ ಸೇಬು: ಎಲೆ ಕಿತ್ತು ಹೂ ತರಿಸಿದ ನನ್ನ ಅನುಭವ

ಸೋಮವಾರಪೇಟೆ ಕಡೆಯ ನಮ್ಮ ತೋಟದಲ್ಲಿ ಈ ಬೇಸಿಗೆಗೆ ಐದು ಕ್ವಿಂಟಾಲ್ ಹತ್ತಿರ ಸೇಬು ಕೊಯ್ದೆವು. ಅರ್ಧ ಎಕರೆ ಜಾಗ, ನೂರಿಪ್ಪತ್ತರ ಆಸುಪಾಸು ಗಿಡ. "ಕೊಡಗಿನಲ್ಲಿ ಸೇಬಾ? ಸುಮ್ನೆ ದುಡ್ಡು ಹಾಳು, ಬಟರ್ ಫ್ರೂಟ್ ಹಾಕು ಮಾರಾಯ" ಅಂದವರೇ ಚೀಲ ಹಿಡಿದು ಬಂದು ತೂಗಿಸಿಕೊಂಡು ಹೋದರು. ಈಗ ಫೋನ್ ಮಾಡಿ ಕೇಳುವವರು ಜಾಸ್ತಿ ಆಗಿದ್ದಾರೆ. ಎಲ್ಲರಿಗೂ ಒಂದೇ ಸಲ ಹೇಳಿಬಿಡೋಣ ಅಂತ ಬರೆಯುತ್ತಿದ್ದೇನೆ.

ಗುಂಡಿ, ಗೊಬ್ಬರ, ಡ್ರಿಪ್ ನಿಮಗೆಲ್ಲ ಗೊತ್ತಿದೆ. ಗೊತ್ತಿರಬೇಕಾದದ್ದು ಮೊಗ್ಗಿನ ಸ್ವಭಾವ. ನಮ್ಮ ಕಾಫಿ ಮೊಗ್ಗು ಒಣಹವೆಯಲ್ಲಿ ತಡೆದುಕೊಂಡಿದ್ದು, ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಅರಳುತ್ತದೆ. ಸೇಬಿನ ಮೊಗ್ಗು ಕಾಯುವುದು ಚಳಿಗೆ. ಅದರ ಮೂಲ ಕಜಕಿಸ್ತಾನದ ತಿಯಾನ್ ಶಾನ್ ಬೆಟ್ಟದ ಕಾಡು. ಅಲ್ಲಿ ಚಳಿಗಾಲದ ನಡುವೆ ನಾಲ್ಕು ದಿನ ಬಿಸಿಲು ಬರುತ್ತದೆ, ಮತ್ತೆ ಹಿಮ ಬೀಳುತ್ತದೆ. ಬಿಸಿಲು ನಂಬಿ ಅರಳಿದ ಮರ ಆ ವರ್ಷ ಕಾಯಿ ಕಳೆದುಕೊಂಡ ಹಾಗೆಯೇ. ಮಲಗಿರುವ ಮೊಗ್ಗು ಮೈನಸ್ 25 ಡಿಗ್ರಿಯನ್ನೂ ತಡೆಯುತ್ತದೆ. ಅರಳಿದ ಹೂವಿಗೆ ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗೆ ಹೋದರೆ ಸಾಕು, ಸತ್ತಿತು. ಹಾಗಾಗಿ ಚಳಿಯನ್ನು ಗಂಟೆ ಲೆಕ್ಕದಲ್ಲಿ ಎಣಿಸಿ, ಲೆಕ್ಕ ತುಂಬಿದ ಮೇಲೆ ಮಾತ್ರ ಏಳುವ ಮರಗಳ ವಂಶ ಉಳಿಯಿತು. ರೆಡ್ ಡೆಲಿಶಿಯಸ್‌ಗೆ 7 ಡಿಗ್ರಿಗಿಂತ ಕೆಳಗಿನ ಚಳಿ ಸುಮಾರು ಸಾವಿರ ಗಂಟೆ ಬೇಕು. ನಮ್ಮಲ್ಲಿ ಜನವರಿಯ ಬೆಳಗಿನ ಜಾವವೂ ನನ್ನ ಥರ್ಮಾಮೀಟರ್ 11-12ರ ಕೆಳಗೆ ಇಳಿದದ್ದು ಅಪರೂಪ.

ಮೊದಲ ಸಲ ತಂದ ಗಿಡಗಳ ಕಥೆ ಇಲ್ಲೇ ಮುಗಿಯಿತು. "ಎಲ್ಲಿ ಹಾಕಿದರೂ ಬರುತ್ತೆ" ಎಂದು ಒಂದು ನರ್ಸರಿಯವರು ಗಿಡಕ್ಕೆ 350ರ ಹಾಗೆ ಕೊಟ್ಟರು. ಕೊಟ್ಟದ್ದು ಜಾಸ್ತಿ ಚಳಿ ಕೇಳುವ ಜಾತಿ. ಹಳೆ ಎಲೆ ಜನವರಿವರೆಗೂ ಉದುರಲಿಲ್ಲ. ಕೊಂಬೆ ತುದಿಯ ಮೊಗ್ಗು ಮಾತ್ರ ಒಡೆಯಿತು, ಕೆಳಗೆಲ್ಲ ಬೋಳು. ಏಪ್ರಿಲ್‌ನಲ್ಲಿ ಅಲ್ಲೊಂದು ಇಲ್ಲೊಂದು ಹೂ. ಗಿಡ, ಗುಂಡಿ, ಬೇಲಿ ಸೇರಿ ಅರವತ್ತು ಸಾವಿರ ಮಣ್ಣುಪಾಲು.

ಆಮೇಲೆ ಹಾಕಿದ್ದು ಅನ್ನಾ, ಡಾರ್ಸೆಟ್ ಗೋಲ್ಡನ್, ಮತ್ತೆ ಎಚ್‌ಆರ್‌ಎಂಎನ್-99. ಅನ್ನಾ ಇಸ್ರೇಲ್‌ದು, ಡಾರ್ಸೆಟ್ ಬಹಾಮಾಸ್ ದ್ವೀಪದ್ದು. ಮೂರನೆಯದು ಹಿಮಾಚಲದ ಬಿಲಾಸ್‌ಪುರದ ತಗ್ಗು ಬೆಟ್ಟದಲ್ಲಿ ಹರಿಮನ್ ಶರ್ಮಾ ಅವರು ಆರಿಸಿ ಬೆಳೆಸಿದ್ದು. ಮೂರೂ ಕಡಿಮೆ ಚಳಿಗೆ ಒಗ್ಗುವವು. ಕಸಿ ಕಟ್ಟುವ ಬೇರುಗಿಡ ಎಂಎಂ 111 ಎಂಬ ಜಾತಿಯದಾದರೆ ಒಳ್ಳೆಯದು, ಅದಕ್ಕೆ ಉಣ್ಣೆ ಹೇನು ಎಂಬ ರಸ ಹೀರುವ ಕೀಟದ ಕಾಟ ಕಡಿಮೆ.

ಹೂ ಬಂತು. ಆದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಎಳೆದುಕೊಂಡು ಬಂತು. ಅನ್ನಾ ಅರಳಿದಾಗ ಡಾರ್ಸೆಟ್ ಅರಳಲಿಲ್ಲ, ಬೇರೆ ಜಾತಿಯ ಪರಾಗ ಸಿಗದೆ ಕಾಯಿ ಕಚ್ಚಲಿಲ್ಲ. ಕಚ್ಚಿದ ಕಾಯಿ ಬಲಿಯುವ ಹೊತ್ತಿಗೆ ಜೂನ್ ಮಳೆ ಹಿಡಿಯಿತು. ಬಿರುಕು, ಕೊಳೆ, ಎಲ್ಲ ಗಿಡದ ಬುಡಕ್ಕೆ. ಕೊಡಗಿನಲ್ಲಿ ಸೇಬಿಗೆ ಬಿಸಿಲಿಗಿಂತ ಮಳೆಯೇ ದೊಡ್ಡ ಶತ್ರು ಎಂದು ಖಾತ್ರಿಯಾದದ್ದು ಆಗ. ಹೂವನ್ನು ಜನವರಿಗೆ ತಂದರೆ ಮಾತ್ರ ಮಳೆಗೆ ಮೊದಲು ಹಣ್ಣು.

ದಾರಿ ಸಿಕ್ಕಿದ್ದು ಜಾವಾ ದ್ವೀಪದಿಂದ. ಅಲ್ಲಿನ ಬಾತು ಎಂಬ ಊರಿನವರು ಭೂಮಧ್ಯರೇಖೆಯ ಹತ್ತಿರವಿದ್ದೂ ರೋಮ್ ಬ್ಯೂಟಿ ಸೇಬು ಬೆಳೆಯುತ್ತಾರೆ, ವರ್ಷಕ್ಕೆ ಎರಡು ಬೆಳೆ. ಕೊಯ್ಲು ಮುಗಿದ ಮೇಲೆ ಮರದ ಎಲೆಯನ್ನೆಲ್ಲ ಕೈಯಲ್ಲೇ ಕಿತ್ತು ಹಾಕುತ್ತಾರೆ. ಮೊಗ್ಗು ಗಾಢ ನಿದ್ದೆಗೆ ಹೋದ ಮೇಲೆ ಅದನ್ನು ಎಬ್ಬಿಸಲು ಚಳಿಯೇ ಬೇಕು. ಅದಕ್ಕೆ ಮೊದಲು ಅದನ್ನು ತಡೆದಿಡುವುದು ಪಕ್ಕದ ಎಲೆ. ಆಗಲೇ ಎಲೆ ತೆಗೆದರೆ ಚಳಿಯ ಲೆಕ್ಕವೇ ಶುರುವಾಗುವುದಿಲ್ಲ, ಮೊಗ್ಗು ನೇರ ಒಡೆಯುತ್ತದೆ.

ನಾನು ನವೆಂಬರ್ ಮಧ್ಯಕ್ಕೆ ನೀರು ನಿಲ್ಲಿಸುತ್ತೇನೆ. ಹುತ್ತರಿ ಹಬ್ಬ ಕಳೆದ ಮೇಲೆ ಎಲೆ ತೆಗೆಸುತ್ತೇನೆ. ತೊಂದರೆ ಏನೆಂದರೆ ಅರೇಬಿಕಾ ಕೊಯ್ಲೂ ಅದೇ ಹೊತ್ತಿಗೆ. ಆಳುಗಳು ಸೇಬಿನ ಎಲೆ ಕೀಳಲು ಬರುತ್ತಾರಾ? ಕೆಜಿ ಲೆಕ್ಕದಲ್ಲಿ ಕಾಫಿ ಬಿಡಿಸಿದರೆ ಅವರಿಗೆ ಕೂಲಿಗಿಂತ ಜಾಸ್ತಿ ಗಿಟ್ಟುತ್ತದೆ. ದಿನಕ್ಕೆ ನೂರು ರೂಪಾಯಿ ಮೇಲೆ ಹಾಕಿ ಕೊಟ್ಟೆ. ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ತಲೆ ಚಚ್ಚಿಕೊಂಡರು. ಎಳೆದು ಕಿತ್ತರೆ ಮೊಗ್ಗೂ ಜೊತೆಗೆ ಬರುತ್ತದೆ. ತೊಟ್ಟು ಅರ್ಧ ಉಳಿಸಿ ಕತ್ತರಿಯಲ್ಲಿ ಕತ್ತರಿಸಿ, ಉಳಿದ ತೊಟ್ಟು ತಾನೇ ಉದುರುತ್ತದೆ. ಕೂಲಿ ಉಳಿಸಲು ಒಂದು ಸಾಲಿಗೆ ನೂರು ಲೀಟರಿಗೆ ಹತ್ತು ಕೆಜಿ ಯೂರಿಯಾ ಹಾಕಿ ಹೊಡೆಸಿ ನೋಡಿದೆ. ಎಲೆ ಸುಟ್ಟು ಮರದಲ್ಲೇ ನೇತಾಡಿತು, ಎಳೆ ತುದಿಗಳು ಕರಕಲಾದವು. ಕೈಕೆಲಸವೇ ಸರಿ.

ಎಲೆ ತೆಗೆಯುವ ಮೊದಲೇ ಕೊಂಬೆಗಳನ್ನು ಹಗ್ಗ ಕಟ್ಟಿ ಅಡ್ಡಕ್ಕೆ ಬಾಗಿಸಬೇಕು. ನೆಟ್ಟಗೆ ನಿಂತ ಕೊಂಬೆಯಲ್ಲಿ ತುದಿ ಮೊಗ್ಗಿನದೇ ದರ್ಬಾರು. ಬಾಗಿದರೆ ಉದ್ದಕ್ಕೂ ಒಡೆಯುತ್ತದೆ. ಎಲೆ ತೆಗೆದ ಮೇಲೆ ಮೊಗ್ಗು ಎಬ್ಬಿಸಲು ಒಂದು ಸಿಂಪಡಣೆ ಇದೆ. ಅದರಲ್ಲಿ ಪೊಟ್ಯಾಷಿಯಂ ನೈಟ್ರೇಟ್ ಇದೆ ಎಂದಷ್ಟೇ ಹೇಳುತ್ತೇನೆ. ಅಳತೆ, ಜೊತೆಗೆ ಬೆರೆಸುವುದು, ಯಾವ ದಿನ ಹೊಡೆಯಬೇಕು, ಇದಕ್ಕೆಲ್ಲ ನಾನು ತುಂಬಾ ದುಡ್ಡು ಸುರಿದಿದ್ದೇನೆ, ಅದು ನನ್ನ ಹತ್ತಿರವೇ ಇರಲಿ. ಇದೇ ಕೆಲಸಕ್ಕೆ ದ್ರಾಕ್ಷಿಯವರು ಬಳಸುವ ಡಾರ್ಮೆಕ್ಸ್ ಎಂಬ ರಾಸಾಯನಿಕ ಕೂಡ ಕೆಲವು ಗಿಡಕ್ಕೆ ಹೊಡೆಸಿದೆ. ಕೆಲಸ ಮಾಡುತ್ತದೆ, ಆದರೆ ಘಾಟು ವಿಷ. ಹೊಡೆದವರು ಮೇಲೆ ಮದ್ಯ ಕುಡಿದರೆ ಜೀವಕ್ಕೇ ಅಪಾಯ. ನಮ್ಮ ಕಡೆ ಆ ಖಾತ್ರಿ ಯಾರು ಕೊಡುತ್ತಾರೆ? ನಿಲ್ಲಿಸಿಬಿಟ್ಟೆ.

ಮೂರೂವರೆ ವಾರಕ್ಕೆ ಅನ್ನಾ, ಡಾರ್ಸೆಟ್ ಒಟ್ಟಿಗೆ ಅರಳಿದವು. ನೋಡಬೇಕಿತ್ತು ನೀವು. ಪೆಟ್ಟಿಗೆ ಇಡುವುದಾದರೆ ನಮ್ಮ ತುಡುವೆ ಜೇನೇ ಇಡಿ. ಜನವರಿ ಬೆಳಗಿನ ಚಳಿಯಲ್ಲಿ ಅದು ಹೊರದೇಶದ ಮೆಲ್ಲಿಫೆರಾ ಜೇನಿಗಿಂತ ಬೇಗ ಹೊರಡುತ್ತದೆ. 1991-92ರ ಥಾಯ್ ಸ್ಯಾಕ್‌ಬ್ರೂಡ್ ರೋಗಕ್ಕೆ ಪೆಟ್ಟಿಗೆಗಟ್ಟಲೆ ಹುಳ ಕಳೆದುಕೊಂಡ ಊರು ನಮ್ಮದು. ತುಡುವೆ ಮತ್ತೆ ತೋಟ ತುಂಬಿದ್ದು ನೋಡುವುದೇ ಒಂದು ಸಂತೋಷ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಹಣ್ಣಿನ ಬೀಜ ಅರ್ಧ ನೇರ ಬಿತ್ತಿದೆ. ಇನ್ನರ್ಧವನ್ನು ಒದ್ದೆ ಮರಳಿನಲ್ಲಿ ಹಾಕಿ ಫ್ರಿಜ್‌ನಲ್ಲಿ ಎರಡೂವರೆ ತಿಂಗಳು ಇಟ್ಟೆ. ಮನೆಯಾಕೆಗೆ ತರಕಾರಿ ಡಬ್ಬಿ ಹೋಯಿತೆಂದು ಬೇಜಾರು. ಫ್ರಿಜ್ ಬೀಜ ಮುಕ್ಕಾಲು ಪಾಲು ಮೊಳೆತವು, ಇನ್ನೊಂದು ಬದಿಯಲ್ಲಿ ಮೂರೋ ನಾಲ್ಕೋ. ಅದೇ ಹಳೆಯ ಬುದ್ಧಿ ನೋಡಿ: ಹಣ್ಣು ಉದುರುವುದು ಚಳಿಗಾಲದ ಹೊಸಿಲಲ್ಲಿ, ಆಗಲೇ ಮೊಳೆತರೆ ಸಸಿ ಹಿಮಕ್ಕೆ ಸಾಯುತ್ತದೆ. ತಿಯಾನ್ ಶಾನ್‌ನಲ್ಲಿ ಕಾಡುಸೇಬು ತಿಂದು ಬೀಜ ಹರಡುವುದು ಕರಡಿ. ಇಲ್ಲಿ ಹಲಸು ತಿಂದು ಹರಡುವುದು ಆನೆ. ಆದರೆ ಹಲಸಿನ ಬೀಜಕ್ಕೆ ಕಾಯುವ ಅಭ್ಯಾಸವಿಲ್ಲ, ಒಣಗಿದರೆ ಸತ್ತೇಹೋಗುತ್ತದೆ. ಕಾಯುವಂಥ ಚಳಿಗಾಲವನ್ನು ಅದು ಕಂಡೇ ಇಲ್ಲವಲ್ಲ.

ಹಣ್ಣಿಗೆ ಪೂರ್ತಿ ಕೆಂಪು ಬರುವುದಿಲ್ಲ. ಕೆಂಪಿಗೆ ತಣ್ಣನೆಯ ರಾತ್ರಿ ಬೇಕು, ನಮ್ಮ ಏಪ್ರಿಲ್ ರಾತ್ರಿ ಸಾಲದು. ಒಂದು ಕೆನ್ನೆ ಮಾತ್ರ ಗುಲಾಬಿ. ಹೊರಗೆ ಇಟ್ಟರೆ ವಾರಕ್ಕೇ ಹಿಟ್ಟು ಹಿಟ್ಟಾಗುತ್ತದೆ, ಮಂಡಿಗೆ ಕಳಿಸುವ ಮಾಲು ಅಲ್ಲ. ತೋಟದ ಗೇಟಿನಲ್ಲೇ ಕೆಜಿಗೆ 150ರ ಹಾಗೆ ಮಾರಿದೆ, ಎಪ್ಪತ್ತು ಸಾವಿರದ ಮೇಲೆ ಬಂತು. ಇಷ್ಟು ವರ್ಷದಲ್ಲಿ ಹಾಕಿದ್ದು ಎರಡೂವರೆ ಲಕ್ಷ ದಾಟಿದೆ. ಇನ್ನು ಮೂರು ಬೆಳೆ ಹೀಗೇ ಬಂದರೆ ಅಸಲು ಕೈಗೆ ಬರುತ್ತದೆ.

ಹಾಕುವವರು ಹಿಮಾಚಲದಿಂದ ಜನವರಿಯಲ್ಲೇ ತರಿಸಿ. ಆಗ ಗಿಡ ಮಲಗಿರುತ್ತದೆ, ಬರಿಬೇರಲ್ಲೇ ಬರುತ್ತದೆ, ಸಾಗಾಟ ಅಗ್ಗ. ನಡುವುದು ಎರಡಡಿ ಎತ್ತರದ ದಿಬ್ಬದ ಮೇಲೆ, ಇಲ್ಲದಿದ್ದರೆ ಜುಲೈ-ಆಗಸ್ಟ್‌ನ ಆಟಿ ಮಳೆಗೆ ಬುಡ ಕೊಳೆಯುತ್ತದೆ. ಕಾಫಿಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವಾಗ ಇದರ ಬುಡಕ್ಕೂ ಹೊಡೆಸಿ. ಮಡಿಕೇರಿ, ಭಾಗಮಂಡಲ ಕಡೆಯವರು ಮೊದಲು ಹತ್ತು ಗಿಡ ಮಾತ್ರ ಹಾಕಿ ನೋಡಿ, ಅಲ್ಲಿನ ಮಳೆಗೆ ನನ್ನ ದಿಬ್ಬ ಸಾಲದು.